ಪೂರ್ಣಾವಧಿ ಕುಲಪತಿ ಬರುವತನಕ ಕಾಯಬೇಕೆ?

ಪ್ರಶ್ನೆ: ನನ್ನ ಮಗಳು ಬಿ.ಎ. ಮುಗಿಸಿದ್ದಾಳೆ. ಐದನೇ ಸೆಮಿಸ್ಟರಿನ ಒಂದು ಪತ್ರಿಕೆಗೆ ಅಂಕಪಟ್ಟಿಯಲ್ಲಿ ‘ಗೈರುಹಾಜರು’ ಎಂದು ಬಂದಿದೆ. ಅವಳು ಪರೀಕ್ಷೆ ಬರೆದಿದ್ದಾಳೆ, ಆ ದಿನ ನಾನೇ ಬೈಕಿನ ಮೇಲೆ ಕಾಲೇಜಿಗೆ ಬಿಟ್ಟು ಬಂದವನು. ಮೂರು ಸಲ ವಿಶ್ವವಿದ್ಯಾಲಯಕ್ಕೆ ಅಲೆದೆ. ಕುಲಸಚಿವರ ಕಡೆ ಹೋಗಿ ಎಂದರು. ಹೋದರೆ ಆ ಕುಲಸಚಿವರು ಇವರಲ್ಲ, ಇನ್ನೊಬ್ಬರು ಎಂದರು. ಕೊನೆಗೆ ಸಿಕ್ಕ ಉತ್ತರ, ‘ಈಗ ಪ್ರಭಾರ ಕುಲಪತಿ ಅದಾರ್ರಿ, ಪೂರ್ಣಾವಧಿಯವ್ರು ಬಂದ ಮ್ಯಾಲೆ ನೋಡೋಣು.’ ಅಲ್ಲಿ ಯಾರ ಕೈಯಲ್ಲಿ ಏನಿದೆ? ಕುಲಪತಿ ಬರುವತನಕ ಕಾಯಲೇಬೇಕೆ? ಅಷ್ಟರಲ್ಲಿ ಎಂ.ಎ. ಪ್ರವೇಶ ಮುಗಿದು ಹೋಗುತ್ತದೆ.
(ಒಬ್ಬ ತಂದೆ, ಲಕ್ಷ್ಮೇಶ್ವರ)

ಉತ್ತರ: ಕಾಯಬೇಕಾಗಿಲ್ಲ. ನಿಮ್ಮ ಮಗಳ ಕೆಲಸಕ್ಕೆ ಪೂರ್ಣಾವಧಿ ಕುಲಪತಿಯೂ ಬೇಡ, ಪ್ರಭಾರ ಕುಲಪತಿಯೂ ಬೇಡ. ಅದು ಕುಲಸಚಿವರು (ಮೌಲ್ಯಮಾಪನ) ಎಂಬ ಅಧಿಕಾರಿಯ ಮೇಜಿನ ಮೇಲೆ ಮುಗಿಯುವ ಕೆಲಸ. ಆ ಮೇಜಿಗೆ ಸರಿಯಾದ ಕಾಗದ ಮುಟ್ಟಬೇಕು ಅಷ್ಟೇ. ಯಾವ ಕಾಗದ, ಯಾರ ಸಹಿ ಎಂಬುದನ್ನು ಕೊನೆಗೆ ಬರೆದಿದ್ದೇನೆ. ಅವಸರವಿದ್ದರೆ ಮೊದಲು ಅದನ್ನೇ ಓದಿ. ಆದರೆ ‘ಯಾರ ಕೈಯಲ್ಲಿ ಏನಿದೆ’ ಎಂದು ನೀವು ಕೇಳಿದ್ದು ಬಹಳ ದೊಡ್ಡ ಪ್ರಶ್ನೆ. 30 ವರ್ಷಕ್ಕೂ ಹೆಚ್ಚು ಕಾಲ ಒಂದು ರಾಜ್ಯ ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ ಕಡತ ಹೊತ್ತವನು ನಾನು. ಈ ಪ್ರಶ್ನೆಗೆ ತಂದೆತಾಯಿಗಳಿಗೆ ಸರಿಯಾದ ಉತ್ತರ ಸಿಗದೆ ಹೋಗುವುದನ್ನು ದಿನವೂ ನೋಡಿದ್ದೇನೆ.

ವಿಶ್ವವಿದ್ಯಾಲಯದ ಹೆಸರನ್ನು ನೀವು ಬರೆದಿಲ್ಲ. ಅದರ ಅಗತ್ಯವೂ ಇಲ್ಲ. ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳೆಲ್ಲ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಕೆಳಗೆ ನಡೆಯುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ 2023ರಲ್ಲಿ ಹುಟ್ಟಿದ ಹಾವೇರಿ ವಿಶ್ವವಿದ್ಯಾಲಯಕ್ಕೂ ಚೌಕಟ್ಟು ಒಂದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ, ನಿಮ್ಮದೇ ಜಿಲ್ಲೆಯ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಇವಕ್ಕೆ ತಮ್ಮ ತಮ್ಮ ಬೇರೆ ಕಾನೂನುಗಳಿವೆ. ಬಿ.ಎ. ಎಂದ ಮೇಲೆ ನಿಮ್ಮದು ಮೊದಲಿನ ಸಾಲಿನದು.

ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ರಾಜ್ಯಪಾಲರು ಕುಲಾಧಿಪತಿ. ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕ್ಯಾಂಪಸ್ಸಿನಲ್ಲಿ ಕುಳಿತು ದಿನವೂ ಆಡಳಿತ ನಡೆಸುವವರು ಕುಲಪತಿ. ಹಳಬರು ಇವರನ್ನೇ ಉಪಕುಲಪತಿ ಎನ್ನುತ್ತಾರೆ, ನಮ್ಮ ಜವಾನರ ಬಾಯಲ್ಲಿ ‘ವೀಸಿ ಸಾಹೇಬ್ರು’. ಅವರ ಕೆಳಗೆ ಕುಲಸಚಿವರು ಇಬ್ಬರು. ಕುಲಸಚಿವರು ಎಂದಷ್ಟೇ ಹೇಳಿದರೆ ಆಡಳಿತದವರು: ಸಿಬ್ಬಂದಿ, ಆಸ್ತಿ, ದಾಖಲೆ, ಒಪ್ಪಂದ, ಕೋರ್ಟು ಕಚೇರಿ ಎಲ್ಲ ಅವರದು. ಮೌಲ್ಯಮಾಪನದ ಕುಲಸಚಿವರದು ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ. ನೀವು ಮೊದಲ ಸಲ ಹೋಗಿದ್ದು ಬೇರೆ ಬಾಗಿಲಿಗೆ. ತಪ್ಪು ನಿಮ್ಮದಲ್ಲ. ಎರಡೂ ಬಾಗಿಲ ಮೇಲೆ ‘ಕುಲಸಚಿವರು’ ಎಂದೇ ದೊಡ್ಡಕ್ಷರದಲ್ಲಿರುತ್ತದೆ, ಕಂಸದೊಳಗಿನ ಸಣ್ಣ ಅಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೆಯವರು ಹಣಕಾಸು ಅಧಿಕಾರಿ.

ಈ ನಾಲ್ವರನ್ನು ಹೊರಗಿನವರು ಒಂದು ತಂಡ ಎಂದುಕೊಳ್ಳುತ್ತಾರೆ. ಆದರೆ ಇವರಲ್ಲಿ ಯಾರೂ ಇನ್ನೊಬ್ಬರನ್ನು ಆರಿಸಿಕೊಂಡಿಲ್ಲ. ಕುಲಪತಿಯನ್ನು ನೇಮಿಸುವವರು ಕುಲಾಧಿಪತಿಗಳು, ಸರ್ಕಾರದ ಸಹಮತಿಯೊಂದಿಗೆ. ಇಬ್ಬರು ಕುಲಸಚಿವರನ್ನು ಕಳಿಸುವುದು ಸರ್ಕಾರ. ಆಡಳಿತಕ್ಕೆ ಹೆಚ್ಚಾಗಿ ಕೆ.ಎ.ಎಸ್. ಅಥವಾ ಐ.ಎ.ಎಸ್. ಅಧಿಕಾರಿ ಬರುತ್ತಾರೆ, ಕೆಲವು ಸಲ ಪ್ರಾಧ್ಯಾಪಕರು. ಮೌಲ್ಯಮಾಪನಕ್ಕೆ ಸಾಮಾನ್ಯವಾಗಿ ಪ್ರಾಧ್ಯಾಪಕರೇ. ಹಣಕಾಸು ಅಧಿಕಾರಿ ರಾಜ್ಯ ಲೆಕ್ಕಪತ್ರ ಇಲಾಖೆಯಿಂದ ಬರುತ್ತಾರೆ. ಒಬ್ಬರು ರಾಜಭವನದ ಆದೇಶ ಹಿಡಿದು ಬಂದವರು, ಇನ್ನೊಬ್ಬರು ವಿಧಾನಸೌಧದ ವರ್ಗಾವಣೆ ಪತ್ರ ಹಿಡಿದು ಬಂದವರು, ಮತ್ತೊಬ್ಬರಿಗೆ ಬೆಂಗಳೂರಿನಲ್ಲಿ ತಮ್ಮದೇ ಇಲಾಖೆಯ ಮೇಲಧಿಕಾರಿ. ಕಾರ್ಖಾನೆಯ ಮಾಲೀಕ ತನ್ನ ಮ್ಯಾನೇಜರನನ್ನು ಇಟ್ಟುಕೊಂಡ ಹಾಗಲ್ಲ ಇದು. ಬೇರೆ ಬೇರೆ ಊರಿನಿಂದ ಬಂದ ನಾಲ್ಕು ಎತ್ತುಗಳನ್ನು ಒಂದೇ ಬಂಡಿಗೆ ಹೂಡಿದ ಹಾಗೆ. ಒಳ್ಳೆಯ ಕುಲಪತಿ ಮೊದಲ ಆರು ತಿಂಗಳಲ್ಲಿ ಮಾಡುವ ನಿಜವಾದ ಕೆಲಸ ಇವರ ಹೆಜ್ಜೆ ಹೊಂದಿಸುವುದು. ಅದಾಗದ ಕಡೆ ಕಡತ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆಯುತ್ತದೆ, ಅದರ ಹಿಂದೆ ನಿಮ್ಮಂಥ ತಂದೆ ಅಲೆಯುತ್ತಾರೆ.

ನಿಮಗೆ ಬೇಕಾದ ಬಾಗಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ನನ್ನ ನೌಕರಿಯ ಬಹುಭಾಗ ಅಲ್ಲೇ ಕಳೆಯಿತು. ಪರೀಕ್ಷೆ ಬರೆದ ಹುಡುಗಿ ‘ಗೈರು’ ಆಗುವುದು ಹೇಗೆ? ಕೊಠಡಿಯಲ್ಲಿ ಮೇಲ್ವಿಚಾರಕರು ಹಾಜರಿ ಹಾಳೆ ತರುತ್ತಾರೆ. ವಿದ್ಯಾರ್ಥಿ ತನ್ನ ನೋಂದಣಿ ಸಂಖ್ಯೆಯ ಮುಂದೆ ಉತ್ತರ ಪತ್ರಿಕೆಯ ಸಂಖ್ಯೆ ಬರೆದು ಸಹಿ ಹಾಕಬೇಕು. ಬಾರದವರ ಸಂಖ್ಯೆಗಳನ್ನು ಬೇರೆ ಪಟ್ಟಿಗೆ ಬರೆಯುತ್ತಾರೆ. ಆ ಪಟ್ಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಈಗ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ದಾಖಲೆ ಇಡುವ ಯು.ಯು.ಸಿ.ಎಂ.ಎಸ್. ತಂತ್ರಾಂಶಕ್ಕೂ ಏರುತ್ತದೆ. ಬಂಡಲ್ಲು ಕಟ್ಟುವಾಗ, ಕೋಡ್ ಹಾಕುವಾಗ, ಅಂಕ ಏರಿಸುವಾಗ, ಎಲ್ಲಿ ಬೇಕಾದರೂ ಒಂದು ಅಂಕಿ ಆಚೀಚೆ ಆಗಬಹುದು.

ಒಂದು ಪ್ರಕರಣ ನನ್ನ ಕಣ್ಣ ಮುಂದೆ ಈಗಲೂ ಇದೆ. ಒಬ್ಬ ಹುಡುಗ, ತಂದೆ ಕೂಲಿ, ನಿಮ್ಮ ಮಗಳ ಹಾಗೇ ಒಂದು ಪತ್ರಿಕೆಗೆ ಗೈರು. ನಮ್ಮ ವಿಭಾಗದಲ್ಲಿ ಅವನ ಅರ್ಜಿ ಎರಡು ತಿಂಗಳು ಇತ್ತು. ಆಗಿನ ಮೌಲ್ಯಮಾಪನ ಕುಲಸಚಿವರು ಒಂದು ಸಂಜೆ ಐದೂವರೆಗೆ ನನ್ನನ್ನು ಕರೆದು ‘ಆ ಕೇಂದ್ರದ ಗಂಟು ತರ್ರಿ’ ಎಂದರು. ಖಾಕಿ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹಾಜರಿ ಹಾಳೆ ಹರಡಿದೆವು. ಹುಡುಗನ ಸಹಿ ಇತ್ತು, ನೀಲಿ ಶಾಯಿಯಲ್ಲಿ, ಸ್ಪಷ್ಟವಾಗಿ. ಅವನ ಕೆಳಗಿನ ಸಾಲು ಖಾಲಿ. ಬಾರದ ವಿದ್ಯಾರ್ಥಿ ಕೆಳಗಿನವನು. ಮೇಲ್ವಿಚಾರಕರು ಗೈರು ಪಟ್ಟಿಗೆ ಬರೆಯುವಾಗ ಕಣ್ಣು ಒಂದು ಸಾಲು ಮೇಲಕ್ಕೆ ಜಾರಿದೆ. ಸಾಹೇಬರು ಸ್ಕೇಲನ್ನು ಆ ಸಾಲಿನ ಕೆಳಗೆ ಇಟ್ಟು ನನಗೆ ತೋರಿಸಿದರು, ಟಿಪ್ಪಣಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಸಹಿ ಹಾಕಿದರು. ಮರುದಿನ ಉತ್ತರ ಪತ್ರಿಕೆ ಹುಡುಕಿಸಿದೆವು. ಅದು ಮೌಲ್ಯಮಾಪನವೂ ಆಗಿ, ಅಂಕ ಏರಿಸಲು ಗೈರೆಂದು ಜಾಗ ಸಿಗದೆ ಪಕ್ಕಕ್ಕೆ ಬಿದ್ದಿತ್ತು. ಎರಡು ತಿಂಗಳ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆ ಇಪ್ಪತ್ತು ನಿಮಿಷಕ್ಕಾಗಿ ಯಾರಾದರೂ ಗಂಟು ಬಿಚ್ಚಬೇಕಿತ್ತು. ಆ ಎರಡು ತಿಂಗಳು ಅರ್ಜಿ ಇದ್ದದ್ದು ನನ್ನ ವಿಭಾಗದಲ್ಲಿ ಎಂಬ ನೋವು ನನಗೆ ಇನ್ನೂ ಇದೆ.

ಆಡಳಿತದ ಕುಲಸಚಿವರ ಬಗ್ಗೆ ನಿಮಗೆ ಹೆಚ್ಚು ಬೇಕಿಲ್ಲ. ಸಿಂಡಿಕೇಟ್ ಸಭೆಯ ಕಾರ್ಯದರ್ಶಿ ಅವರೇ ಎಂಬುದು ಗೊತ್ತಿದ್ದರೆ ಸಾಕು. ಡೀನ್‌ಗಳು ತಮ್ಮ ನಿಕಾಯದ (ಕಲಾ, ವಿಜ್ಞಾನದಂಥ ವಿಭಾಗಗಳ ಗುಂಪಿನ) ಪಠ್ಯ, ಪರೀಕ್ಷಾ ಮಂಡಳಿ, ಸಂಶೋಧನೆ ನೋಡುವವರು. ಪಠ್ಯ ಬದಲಾವಣೆ ವಿದ್ಯಾವಿಷಯಕ ಪರಿಷತ್ತಿನಲ್ಲಿ ಆಗುತ್ತದೆ.

ಸಿಂಡಿಕೇಟ್ ಎಂದರೆ ಆಡಳಿತದ ಮೇಲಿನ ಸಭೆ. ಅಧ್ಯಕ್ಷರು ಕುಲಪತಿ. ಸರ್ಕಾರ ನಾಮನಿರ್ದೇಶನ ಮಾಡಿದವರು, ಕುಲಾಧಿಪತಿಗಳು ನಾಮನಿರ್ದೇಶನ ಮಾಡಿದವರು, ಸರದಿ ಮೇಲೆ ಬರುವ ಡೀನರು, ಪ್ರಾಂಶುಪಾಲರು ಅಲ್ಲಿರುತ್ತಾರೆ. ನೇಮಕಾತಿ, ಕಟ್ಟಡ, ಬಜೆಟ್ಟು ಎಲ್ಲ ಅಲ್ಲಿ ಹಾದು ಹೋಗಬೇಕು. ತೀರ ಅವಸರದ ಸಂದರ್ಭದಲ್ಲಿ ಕುಲಪತಿ ತಾವೇ ನಿರ್ಧಾರ ಮಾಡಿ ಮುಂದಿನ ಸಭೆಗೆ ವರದಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಕಚೇರಿಯ ಮಾತಿನಲ್ಲಿ ಅದಕ್ಕೆ ಘಟನೋತ್ತರ ಅನುಮೋದನೆ. ಪರೀಕ್ಷೆ ಮುಂದೂಡುವಂಥ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಖರೀದಿಗಳೂ ಇದೇ ದಾರಿ ಹಿಡಿದಾಗ ಸಿಂಡಿಕೇಟ್ ಬರೀ ಕೈ ಎತ್ತುವ ಸಭೆಯಾಗುತ್ತದೆ. ಸದಸ್ಯರಾಗಿ ಬರುವ ನಮ್ಮೂರ ಹಿರಿಯರಲ್ಲಿ ನನ್ನ ಕೋರಿಕೆ ಯಾವಾಗಲೂ ಒಂದೇ ಇತ್ತು: ಕಾರ್ಯಸೂಚಿಯನ್ನು ಹಿಂದಿನ ರಾತ್ರಿ ಓದಿ ಬನ್ನಿ.

ಹಣಕಾಸಿನ ಮಾತು ನಮ್ಮ ಭಾಗದಲ್ಲಿ ಬೇರೆಯೇ ತೂಕದ್ದು. ಸಂಬಳದ ದೊಡ್ಡ ಪಾಲು ಸರ್ಕಾರದ ಅನುದಾನದಿಂದ ಬರುತ್ತದೆ. ಉಳಿದ ಖರ್ಚಿಗೆ ಕಾಲೇಜುಗಳ ಸಂಯೋಜನೆ ಶುಲ್ಕ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ. ಕರ್ನಾಟಕ ವಿಶ್ವವಿದ್ಯಾಲಯದಿಂದ 1980ರಲ್ಲಿ ಗುಲಬರ್ಗಾ ಬೇರೆಯಾಯಿತು, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, 2023ರಲ್ಲಿ ಹಾವೇರಿ. ಪ್ರತಿ ಸಲವೂ ಕಾಲೇಜುಗಳು ಹೋದವು, ಅವುಗಳ ಜೊತೆ ಶುಲ್ಕವೂ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಸಾಲವನ್ನು ಹಿರಿಯಣ್ಣನ ಹೆಸರಿನಲ್ಲೇ ಬಿಟ್ಟ ಹಾಗೆ. ಇತ್ತ ಹೊಸ ಮನೆಗೂ ಸುಖವಿಲ್ಲ. ಹಾವೇರಿಯೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಮಾತು 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯಿಂದಲೇ ಬಂತು. ಹಣ ಕೊಡದೆ ವಿಶ್ವವಿದ್ಯಾಲಯ ತೆರೆಯುವುದು, ಆಮೇಲೆ ಹಣವಿಲ್ಲವೆಂದು ಮುಚ್ಚುವ ಮಾತಾಡುವುದು, ಎರಡೂ ಹಳ್ಳಿಯ ಹುಡುಗಿಯರ ಓದಿನ ಮೇಲೆಯೇ ಬೀಳುವ ಪೆಟ್ಟು. ಹಾವೇರಿ ವಿಶ್ವವಿದ್ಯಾಲಯವಿರುವ ಕೆರಿಮತ್ತಿಹಳ್ಳಿಗೆ ಮುಂಜಾನೆ ಹೋಗಿ ಸಂಜೆ ಮನೆಗೆ ಬರುವ ಹುಡುಗಿಯನ್ನು ಧಾರವಾಡದಲ್ಲಿ ಕೋಣೆ ಮಾಡಿ ಇಡಲು ಎಲ್ಲ ತಂದೆಯರೂ ಒಪ್ಪುವುದಿಲ್ಲ, ಒಪ್ಪಿದರೂ ಸಪ್ತಾಪುರದ ಬಾಡಿಗೆ ಕಟ್ಟುವುದು ಎಲ್ಲರಿಗೂ ಆಗುವುದಿಲ್ಲ.

ಈಗ ‘ಪ್ರಭಾರ’ದ ಮಾತಿಗೆ ಬರುತ್ತೇನೆ. ನಿಮಗೆ ಹೇಳಿದ್ದು ನೆಪ. ಆದರೆ ಅದರ ಹಿಂದೆ ನಿಜವಾದ ರೋಗವೊಂದಿದೆ.

ಕುಲಪತಿಯ ಅವಧಿ 4 ವರ್ಷ. ಆಯ್ಕೆಗೆ ನಾಲ್ವರ ಶೋಧನಾ ಸಮಿತಿ: ಕುಲಾಧಿಪತಿಗಳ ಕಡೆಯಿಂದ ಒಬ್ಬರು, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) ಕಡೆಯಿಂದ ಒಬ್ಬರು, ಸರ್ಕಾರದಿಂದ ಒಬ್ಬರು, ಸಿಂಡಿಕೇಟ್‌ನಿಂದ ಒಬ್ಬರು. ಯು.ಜಿ.ಸಿ.ಯ 2018ರ ನಿಯಮದಂತೆ ಅಭ್ಯರ್ಥಿಗೆ ಕನಿಷ್ಠ 10 ವರ್ಷ ಪ್ರಾಧ್ಯಾಪಕರಾಗಿ, ಇಲ್ಲವೇ ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅನುಭವವಿರಬೇಕು. ಸಮಿತಿ ಮೂರು ಹೆಸರು ಕೊಡುತ್ತದೆ, ಕುಲಾಧಿಪತಿಗಳು ಒಬ್ಬರನ್ನು ನೇಮಿಸುತ್ತಾರೆ. ಇದರಲ್ಲಿ ಯಾವುದೂ ಆಕಸ್ಮಿಕವಲ್ಲ. ಕುಲಪತಿ ಅಧಿಕಾರ ವಹಿಸಿಕೊಂಡ ದಿನವೇ ಅವರು ಬಿಡುವ ದಿನ ಎಲ್ಲರಿಗೂ ಗೊತ್ತು. ಆದರೂ ಆ ದಿನ ಬಂದು ಹೋದ ಮೇಲೆ ಸಮಿತಿ ರಚನೆಯಾಗುವುದನ್ನು ನಾನು ನೋಡಿದ್ದೇನೆ. ನಾಲ್ಕರಲ್ಲಿ ಒಂದು ನಾಮನಿರ್ದೇಶನ ತಡವಾದರೂ ಉಳಿದ ಮೂರು ನಿಂತು ಕಾಯುತ್ತವೆ. ರಾಜಭವನಕ್ಕೂ ಸರ್ಕಾರಕ್ಕೂ ಸರಿ ಇಲ್ಲದ ಕಾಲದಲ್ಲಂತೂ ಕೇಳುವುದೇ ಬೇಡ. ಗದಗಿನ ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಬೇಕೆಂಬ ಮಸೂದೆ 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. ಮುಂದಿನ ತಿಂಗಳೇ ಯು.ಜಿ.ಸಿ. ಕರಡು ನಿಯಮ ಹೊರಡಿಸಿ ಆಯ್ಕೆಯಲ್ಲಿ ರಾಜ್ಯ ಸರ್ಕಾರದ ಪಾತ್ರವನ್ನೇ ಕಡಿಮೆ ಮಾಡಲು ಹೊರಟಿತು. ಯಾರು ನೇಮಿಸಬೇಕು ಎಂಬ ಹಗ್ಗಜಗ್ಗಾಟ ಎರಡೂ ಕಡೆಯಿಂದ ಜೋರಾಗಿದೆ. ಸಮಯಕ್ಕೆ ನೇಮಿಸಬೇಕು ಎಂದು ಇಬ್ಬರಲ್ಲಿ ಯಾರೂ ಅಷ್ಟೇ ಜೋರಾಗಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಕುಲಾಧಿಪತಿ ಯಾರೆಂಬುದಕ್ಕಿಂತ ಅದು ದೊಡ್ಡದು.

ಕುರ್ಚಿ ಖಾಲಿಯಾದಾಗ ಸಾಮಾನ್ಯವಾಗಿ ಹಿರಿಯ ಡೀನ್ ಒಬ್ಬರಿಗೆ ಪ್ರಭಾರ ಬರುತ್ತದೆ. ಅವರು ಕೆಟ್ಟವರೆಂದಲ್ಲ, ಎಷ್ಟೋ ಜನ ಬಹಳ ಒಳ್ಳೆಯ ಮೇಷ್ಟ್ರು. ಆದರೆ ಅವರ ಸ್ಥಿತಿ ನೋಡಿ. ನಾಳೆ ತಿರುಗಿ ತಮ್ಮ ವಿಭಾಗಕ್ಕೇ ಹೋಗಬೇಕು. ಇವತ್ತು ಯಾರ ವಿರುದ್ಧ ಸಹಿ ಹಾಕುತ್ತಾರೋ ಅವರ ಪಕ್ಕದ ಕೋಣೆಯಲ್ಲೇ ನಾಳೆ ಕೂರಬೇಕು. ಹೀಗಾಗಿ ಟಿಪ್ಪಣಿ ಹಾಳೆಯ ಮೇಲೆ ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದ ಬರುತ್ತದೆ. ಅತಿಥಿ ಉಪನ್ಯಾಸಕರ ಒಂದು ಕಡತ ನನ್ನ ಕೈಗೆ ಬಂದಾಗ ಅದರ ಮೇಲೆ ಐದು ‘ಚರ್ಚಿಸಿ’ ಇದ್ದವು, ಮೂವರು ಪ್ರಭಾರ ಕುಲಪತಿಗಳ ಕೈಬರಹದಲ್ಲಿ. ಮೂವರೂ ಚರ್ಚಿಸಿದ್ದರು. ಮೂವರೂ ನಿರ್ಧರಿಸಿರಲಿಲ್ಲ. ಆ ವರ್ಷ ಎರಡು ವಿಭಾಗಗಳಲ್ಲಿ ಪಾಠ ಶುರುವಾಗಿದ್ದು ಸೆಮಿಸ್ಟರು ಅರ್ಧ ಕಳೆದ ಮೇಲೆ.

ಪೂರ್ಣಾವಧಿ ಎಂದರೆ ಏನು ಎಂಬುದನ್ನು ಧಾರವಾಡದವರಿಗೆ ಹೇಳಬೇಕಾಗಿಲ್ಲ, ಕಣ್ಣೆದುರಿಗೇ ಇದೆ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. 13 ವರ್ಷ. ಗಣಿತ ಓದಿದವರು, ಮುಂಬೈ ಪ್ರಾಂತದ ಶಿಕ್ಷಣ ಇಲಾಖೆ ನಡೆಸಿದವರು, ಮುಂದೆ ಪಂಜಾಬಿನ ರಾಜ್ಯಪಾಲರಾದವರು. ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಅವರ ಕಾಲದಲ್ಲಿ ಎದ್ದ ಕಟ್ಟಡಗಳಲ್ಲಿ ಈಗಲೂ ಪಾಠ ನಡೆಯುತ್ತದೆ. ಈಗ ಯಾರಿಗೂ 13 ವರ್ಷ ಕೊಡಬೇಕೆಂದು ನಾನು ಹೇಳುತ್ತಿಲ್ಲ, ಅದರಲ್ಲಿ ಬೇರೆ ಅಪಾಯವಿದೆ. ಆದರೆ ನಾಲ್ಕು ವರ್ಷದ ನಡುವೆ ಪ್ರಭಾರದ ತಿಂಗಳುಗಳು ಸೇರಿಕೊಂಡರೆ ಯಾರು ಏನು ಕಟ್ಟಲು ಸಾಧ್ಯ? ನೇಮಕಾತಿ ನಿಲ್ಲುತ್ತದೆ, ಪ್ರಾಧ್ಯಾಪಕರು ನಿವೃತ್ತರಾಗುತ್ತ ಹೋಗುತ್ತಾರೆ. ನಿಮ್ಮ ಮಗಳು ಎಂ.ಎ.ಗೆ ಹೋದಾಗ ಅವಳಿಗೆ ಪಾಠ ಹೇಳುವವರು ಯಾರು ಎಂಬುದು ಆ ಖಾಲಿ ಕುರ್ಚಿಯ ಮೇಲೆ ನಿಂತಿದೆ. ಅಂಕಪಟ್ಟಿ ಅದರ ಮೇಲೆ ನಿಂತಿಲ್ಲ.

ಇನ್ನು ನಿಮ್ಮ ಕೆಲಸ. ಮತ್ತೆ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಮಗಳು ಓದಿದ ಕಾಲೇಜಿಗೆ ಹೋಗಿ. ಅವಳ ಪ್ರವೇಶ ಪತ್ರದಲ್ಲಿ ಆ ಪತ್ರಿಕೆಯ ಮುಂದೆ ಮೇಲ್ವಿಚಾರಕರ ಸಹಿ ಇದೆಯೇ ನೋಡಿ, ಇದ್ದರೆ ಅರ್ಧ ಕೆಲಸ ಮುಗಿಯಿತು. ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ಆ ದಿನದ ಹಾಜರಿ ಹಾಳೆಯ ದೃಢೀಕೃತ ಪ್ರತಿಯೊಂದಿಗೆ ಅವರಿಂದಲೇ ‘ಕುಲಸಚಿವರು (ಮೌಲ್ಯಮಾಪನ)’ ಅವರಿಗೆ ಪತ್ರ ಬರೆಸಿ. ವಿದ್ಯಾರ್ಥಿಯ ಅರ್ಜಿಗಿಂತ ಪರೀಕ್ಷಾ ಕೇಂದ್ರದ ಪತ್ರಕ್ಕೆ ಕಚೇರಿಯಲ್ಲಿ ತೂಕ ಹೆಚ್ಚು. ಏಕೆಂದರೆ ಗೈರು ಎಂದು ಬರೆದು ಕಳಿಸಿದ್ದು ಕೇಂದ್ರವೇ, ತಿದ್ದುವ ಮಾತೂ ಅಲ್ಲಿಂದಲೇ ಬರಬೇಕು. ಪತ್ರದಲ್ಲಿ ನೋಂದಣಿ ಸಂಖ್ಯೆ, ಪತ್ರಿಕೆಯ ಕೋಡ್, ಪರೀಕ್ಷೆಯ ದಿನಾಂಕ, ಉತ್ತರ ಪತ್ರಿಕೆಯ ಸಂಖ್ಯೆ ನಾಲ್ಕೂ ಇರಲಿ. ಉತ್ತರ ಪತ್ರಿಕೆಯ ಸಂಖ್ಯೆ ಇಲ್ಲದ ಪತ್ರವನ್ನು ವಿಷಯ ನಿರ್ವಾಹಕರು (ಕಡತ ನೋಡುವ ಗುಮಾಸ್ತರು) ಪಕ್ಕಕ್ಕೆ ಇಡುತ್ತಾರೆ, ನಾನೂ ಇಟ್ಟಿದ್ದೇನೆ.

ಪತ್ರವನ್ನು ಟೇಬಲ್ಲಿನ ಮೇಲೆ ಕೊಟ್ಟು ಬರಬೇಡಿ. ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಶಿಕ್ಕಾ ಹಾಕಿಸಿ, ಆವಕ ಸಂಖ್ಯೆ ಮತ್ತು ದಿನಾಂಕ ಬರೆಸಿಕೊಳ್ಳಿ. ಮುಂದೆ ಯಾರನ್ನು ಕೇಳಿದರೂ ಆ ಸಂಖ್ಯೆ ಹಿಡಿದೇ ಕೇಳಿ. ‘ಸಾಹೇಬ್ರು ಇಲ್ರಿ, ನಾಳಿ ಬರ್ರಿ’ ಎಂದರೆ ಆ ಸಂಖ್ಯೆಯ ಕಡತ ಈಗ ಯಾರ ಬಳಿ ಇದೆ ಎಂದು ಮಾತ್ರ ಕೇಳಿ. ಅದಕ್ಕೆ ಉತ್ತರ ಕೊಡಲು ಸಾಹೇಬರು ಬೇಕಾಗಿಲ್ಲ.

ಎರಡು ವಾರದಲ್ಲಿ ಅಲುಗಾಡದಿದ್ದರೆ ದಾರಿ ಎರಡಿವೆ. ಯು.ಜಿ.ಸಿ.ಯ 2023ರ ನಿಯಮದಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು; ಅದು ದೂರಿನ ಬಗ್ಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ. ಅಂಕ ಕಡಿಮೆ ಬಂತು ಎಂಬ ದೂರನ್ನು ಅವರು ಸುಮ್ಮನೆ ತೆಗೆದುಕೊಳ್ಳುವುದಿಲ್ಲ, ಆದರೆ ನಿಮ್ಮದು ಆ ಜಾತಿಯ ದೂರಲ್ಲ, ದಾಖಲೆಯ ತಪ್ಪು. ದೂರು ಮಗಳ ಹೆಸರಿನಲ್ಲೇ ಇರಲಿ. ಇನ್ನೊಂದು ದಾರಿ ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ, 30 ದಿನದ ಗಡುವು. ಆ ಕೊಠಡಿಯ ಹಾಜರಿ ಹಾಳೆಯ ಅವಳ ಸಾಲು ಮತ್ತು ಅವಳ ಉತ್ತರ ಪತ್ರಿಕೆಯ ಪ್ರತಿ ಕೇಳಿ. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇಲ್ಲದ ಪತ್ರಿಕೆಯ ಪ್ರತಿ ಕೊಡಲು ಬರುವುದಿಲ್ಲ, ಇದ್ದರೆ ಗೈರು ಎನ್ನಲು ಬರುವುದಿಲ್ಲ.

ಎಂ.ಎ. ಪ್ರವೇಶದ ಅರ್ಜಿಯನ್ನು ಮಾತ್ರ ಈ ಕೆಲಸಕ್ಕಾಗಿ ನಿಲ್ಲಿಸಬೇಡಿ. ಗಡುವಿನೊಳಗೆ ಹಾಕಿಸಿ, ಪ್ರಾಂಶುಪಾಲರ ಪತ್ರದ ಆವಕ ಶಿಕ್ಕಾ ಇರುವ ಪ್ರತಿಯನ್ನು ಜೊತೆಗೆ ಲಗತ್ತಿಸಿ, ಅಂಕಪಟ್ಟಿ ತಿದ್ದುಪಡಿಯಲ್ಲಿದೆ ಎಂದು ವಿಭಾಗದ ಮುಖ್ಯಸ್ಥರಿಗೆ ಒಂದು ಸಾಲು ಬರೆದುಕೊಡಿ. ಮತ್ತು ಈ ಸಲ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಾಜರಿ ಹಾಳೆ ಬಿಚ್ಚಿದಾಗ ತನ್ನ ಸಹಿಯನ್ನು ಗುರುತಿಸಬೇಕಾದವಳು ಅವಳೇ.